ಸಮುದ್ರ ಸೇರುವ ನೀರು ವೇಸ್ಟಾ? ಕಡಲಿನ ಸಾಕ್ಷ್ಯಚಿತ್ರಗಳೂ ಮಲೆನಾಡೂ

ಕಡಲಿನ ಮೇಲೆ ತೆಗೆದ ಸಾಕ್ಷ್ಯಚಿತ್ರಗಳಿಗೆ ಮಲೆನಾಡಿನಲ್ಲಿ ನೋಡುಗರು ಕಡಿಮೆಯೇನಿಲ್ಲ. ಆಷಾಢದ ಮಳೆ ಹಿಡಿದರೆ ಹೊರಗೆ ಕಾಲಿಡುವ ಹಾಗಿಲ್ಲ. ಕರೆಂಟ್ ಇದ್ದರೆ ಟಿವಿ, ಇಲ್ಲದಿದ್ದರೆ ಚಾರ್ಜ್ ಇರುವಷ್ಟು ಹೊತ್ತು ಮೊಬೈಲು. ಸತ್ತ ಮರಿಯನ್ನು ಬಿಡದೆ ಹೊತ್ತು ಈಜುವ ತಿಮಿಂಗಿಲ ಪರದೆ ಮೇಲೆ ಬಂದರೆ ಮನೆಯವರೆಲ್ಲ ಗಪ್‌ಚುಪ್. "ಹೀಗೇ ಆದ್ರೆ ಕಡಲು ಉಳಿಯುತ್ತಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದೇ ಮನೆಯಲ್ಲಿ, ಅದೇ ವಾರ, ನದಿಯ ನೀರನ್ನು ಬೇರೆ ಕಡೆ ತಿರುಗಿಸುವ ಯೋಜನೆಯ ಸುದ್ದಿ ಬಂದಾಗ ಇನ್ನೊಂದು ಮಾತು ಬರುತ್ತದೆ. "ಸುಮ್ನೆ ಸಮುದ್ರಕ್ಕೆ ಹೋಗಿ ವೇಸ್ಟ್ ಆಗೋ ಬದಲು ಕೆರೆಗಾದ್ರೂ ತುಂಬಿಸಬಾರದಾ?"

ಎರಡೂ ಮಾತು ಒಂದೇ ಬಾಯಿಂದ ಬರುತ್ತವೆ, ಎರಡನ್ನೂ ಮನಸ್ಸಿನಿಂದಲೇ ಹೇಳುತ್ತಾರೆ. ಕಡಲನ್ನು ಅಷ್ಟು ಚೆಂದವಾಗಿ ತೋರಿಸುವ ಚಿತ್ರಗಳು ಕಡಲಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ತೋರಿಸುವುದೇ ಇಲ್ಲ. ಹಾಗಾಗಿ ಶಿವಮೊಗ್ಗ, ಸಾಗರ, ಹೊಸನಗರದಲ್ಲಿ ಕೂತು ನೋಡುವವರಿಗೆ ಕಡಲು ಬೇರೆ ಯಾರದ್ದೋ ವಿಷಯವಾಗಿ ಉಳಿಯುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ಮೊದಲು ಚಿತ್ರಗಳಿಗೆ ಸಲ್ಲಬೇಕಾದ ಗೌರವ ಸಲ್ಲಲಿ. 2017ರಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ಬ್ಲೂ ಪ್ಲಾನೆಟ್ 2’ ಸರಣಿಗೆ ನಾಲ್ಕು ವರ್ಷ ಹಿಡಿಯಿತು. 125 ಪಯಣ, 39 ದೇಶ, ನೀರಿನೊಳಗೇ ಸುಮಾರು 6,000 ಗಂಟೆ ಚಿತ್ರೀಕರಣ. ಇದರಲ್ಲಿ ಕೈಚಳಕವೂ ಇರುತ್ತದೆ ಅನ್ನುವುದು ಗೊತ್ತಿರಲಿ. ಸಣ್ಣ ಜೀವಿಗಳ ಕೆಲವು ದೃಶ್ಯಗಳನ್ನು ತೊಟ್ಟಿಯಲ್ಲಿ, ಪ್ರಯೋಗಾಲಯದಲ್ಲಿ ತೆಗೆಯುತ್ತಾರೆ. ಆಕ್ಟೋಪಸ್ ಬಂಡೆ ಮೇಲೆ ಹರಿದಾಗ ಕೇಳುವ ಪಿಚಪಿಚ ಸದ್ದು ಹೆಚ್ಚಾಗಿ ಸ್ಟುಡಿಯೋದಲ್ಲಿ ಹುಟ್ಟಿದ್ದು. ಅದೇನೂ ಮೋಸವಲ್ಲ, ಕಥೆ ಹೇಳುವ ರೀತಿ. 1956ರ ‘ದಿ ಸೈಲೆಂಟ್ ವರ್ಲ್ಡ್’ ನೋಡಿದರೆ ಈ ಕಲೆ ಎಷ್ಟು ಬದಲಾಗಿದೆ ಎಂದು ತಿಳಿಯುತ್ತದೆ. ಕಾನ್ ಚಿತ್ರೋತ್ಸವದಲ್ಲಿ ಅತಿ ದೊಡ್ಡ ಪ್ರಶಸ್ತಿ ಗೆದ್ದ ಆ ಚಿತ್ರದಲ್ಲಿ ಹವಳದ ದಿಬ್ಬಕ್ಕೆ ಡೈನಮೈಟ್ ಇಟ್ಟು ಮೀನು ಎಣಿಸುತ್ತಾರೆ, ಶಾರ್ಕ್‌ಗಳನ್ನು ಹಡಗಿಗೆ ಎಳೆದು ಕೊಲ್ಲುತ್ತಾರೆ. ಆಗ ಅದು ಸಾಹಸ ಅನ್ನಿಸಿತ್ತು. ಈಗ ಅದನ್ನು ನೋಡಿದರೆ ಹೊಟ್ಟೆ ತೊಳಸುತ್ತದೆ. ನಮ್ಮ ಕಣ್ಣು ಬದಲಾಗಿದೆ, ಅದರಲ್ಲಿ ಇಂಥ ಚಿತ್ರಗಳ ಪಾಲು ದೊಡ್ಡದು.

ಕಣ್ಣು ಬದಲಾದರೆ ಕೈಯೂ ಬದಲಾಗುತ್ತದಾ? ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ‘ಬ್ಲೂ ಪ್ಲಾನೆಟ್ 2’ ಬಂದ ಮೇಲೆ ಜನ ಪ್ಲಾಸ್ಟಿಕ್ ಬಿಟ್ಟರು ಎಂದು ಬ್ರಿಟನ್ನಿನಲ್ಲಿ ದೊಡ್ಡ ಮಾತಾಗಿತ್ತು. ಸಂಶೋಧಕರು ಒಂದಿಷ್ಟು ಜನರಿಗೆ ಆ ಸರಣಿಯ ಕಂತು ತೋರಿಸಿದರು, ಉಳಿದವರಿಗೆ ಬೇರೆ ಏನೋ ತೋರಿಸಿದರು. ಆಮೇಲೆ ತಿಂಡಿ–ಪಾನೀಯ ಆರಿಸಿಕೊಳ್ಳುವಾಗ ಯಾರು ಪ್ಲಾಸ್ಟಿಕ್ ಕಡಿಮೆ ಮಾಡುತ್ತಾರೆ ಎಂದು ಗಮನಿಸಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಸರಣಿ ನೋಡಿದವರ ತಿಳಿವಳಿಕೆ ಹೆಚ್ಚಿತ್ತು. ಆದರೆ ಪ್ಲಾಸ್ಟಿಕ್ ಆರಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಜೋಗದ ವ್ಯೂ ಪಾಯಿಂಟಿನಲ್ಲಿ "ಎಂಥ ಪ್ರಕೃತಿ ಮಾರಾಯ್ರೇ" ಎನ್ನುತ್ತಲೇ ಚಿಪ್ಸ್ ಪ್ಯಾಕೆಟ್ ಬೇಲಿಯಾಚೆ ಎಸೆಯುವವರನ್ನು ನೋಡಿದವರು ನಾವು.

ಹಾಗಂತ ಚಿತ್ರಗಳಿಂದ ಏನೂ ಆಗುವುದಿಲ್ಲ ಎನ್ನುವಂತಿಲ್ಲ. ನಮ್ಮ ದೇಶದಲ್ಲೇ ಒಂದು ಗಟ್ಟಿ ಉದಾಹರಣೆ ಇದೆ. ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಬೇಟೆಯಾಡುತ್ತಿದ್ದರು. ಬಸ್ಸಿನಷ್ಟು ಉದ್ದದ ಮೀನು, ಯಾರಿಗೂ ಕಚ್ಚುವುದಿಲ್ಲ, ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ಅದರ ಪಿತ್ತಜನಕಾಂಗದ ಎಣ್ಣೆ ದೋಣಿಯ ಮರಕ್ಕೆ ಬಳಿಯಲು ಬೇಕಿತ್ತು, ಮಾಂಸ ವಿದೇಶಕ್ಕೆ ಹೋಗುತ್ತಿತ್ತು. ಮೈಕ್ ಪಾಂಡೆ ಎಂಬ ಚಿತ್ರನಿರ್ಮಾಪಕರು ಅದನ್ನು ಸೆರೆಹಿಡಿದು 2000ದಲ್ಲಿ ‘ಶೋರ್ಸ್ ಆಫ್ ಸೈಲೆನ್ಸ್’ ಎಂಬ ಸಾಕ್ಷ್ಯಚಿತ್ರ ಹೊರತಂದರು. 2001ರಲ್ಲಿ ಸರ್ಕಾರ ಆ ಮೀನನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ, ಅಂದರೆ ಹುಲಿ ಇರುವ ಪಟ್ಟಿಗೆ, ಸೇರಿಸಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಸರ್ಕಾರಿ ಆದೇಶವಾಗಿ ಕಡತದಲ್ಲಿ ಕೂರುತ್ತಿತ್ತು. ಮುಂದೆ ನಡೆದದ್ದೇ ಮುಖ್ಯ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತ್ ಅರಣ್ಯ ಇಲಾಖೆ ಮತ್ತಿತರರು ಸೇರಿ ಮೀನುಗಾರರ ಊರುಗಳಲ್ಲಿ ಪ್ರಚಾರ ಶುರು ಮಾಡಿದರು. ರಾಮಕಥೆಗೆ ಹೆಸರಾದ ಮುರಾರಿ ಬಾಪು ಅದರ ಮುಖವಾದರು. ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳಿದ್ದ ಹಾಗೆ ಎಂದರು. ಬಸುರಿ ಮಗಳನ್ನು ಯಾರಾದರೂ ಕೊಲ್ಲುತ್ತಾರಾ? ಗುಜರಾತಿಯಲ್ಲಿ ಅದಕ್ಕೆ ‘ವ್ಹಾಲಿ’ ಎಂಬ ಮುದ್ದಿನ ಹೆಸರೂ ಬಂತು. ಇನ್ನೊಂದು ಕಡೆ ಅರಣ್ಯ ಇಲಾಖೆ ಬಲೆಗೆ ಪರಿಹಾರ ಕೊಡಲು ಒಪ್ಪಿತು. ಬಲೆಗೆ ಸಿಕ್ಕ ಮೀನನ್ನು ಬಿಡಿಸಲು ಬಲೆ ಕತ್ತರಿಸಬೇಕು. ಬಲೆ ಎಂದರೆ ಬಡವನ ಬಂಡವಾಳ. ಅದರ ದುಡ್ಡು ಸಿಗುತ್ತದೆ ಎಂದಾದ ಮೇಲೆ ಮೀನುಗಾರರು ತಾವೇ ಕತ್ತರಿಸಿ ಬಿಡತೊಡಗಿದರು. ಹಾಗೆ ನೂರಾರು ತಿಮಿಂಗಿಲ ಶಾರ್ಕ್‌ಗಳು ವಾಪಸ್ ಕಡಲಿಗೆ ಹೋಗಿವೆ.

ಒಂದು ಜೀವಿ, ಒಂದು ಕರಾವಳಿ, ಒಂದು ಕಾನೂನು, ಜನ ನಂಬುವ ಒಬ್ಬ ವ್ಯಕ್ತಿ, ಕೊನೆಗೆ ಬಲೆಯ ದುಡ್ಡು. ಚಿತ್ರ ಬಾಗಿಲು ತಟ್ಟಿತು, ತೆರೆದದ್ದು ಇವೆಲ್ಲ ಸೇರಿ. ‘ಬ್ಲೂ ಪ್ಲಾನೆಟ್’ ನೋಡಿದ ಬ್ರಿಟನ್ನಿನವರ ಮುಂದೆ ಇಂಥ ಒಂದು ಗುರುತಾದ ಕೆಲಸ ಇರಲಿಲ್ಲ. ನಮ್ಮ ಮುಂದೆಯೂ ಇಲ್ಲ.

2025ರ ಮೇ ತಿಂಗಳಲ್ಲಿ, ಪ್ರಕೃತಿ ಸಾಕ್ಷ್ಯಚಿತ್ರಗಳಿಗೆ ದನಿಯಾಗಿ ಹೆಸರಾದ ಡೇವಿಡ್ ಅಟೆನ್‌ಬರೋ ಅವರ 99ನೇ ಹುಟ್ಟುಹಬ್ಬದ ದಿನ, ‘ಓಷನ್’ ಎಂಬ ಚಿತ್ರ ಚಿತ್ರಮಂದಿರಗಳಿಗೆ ಬಂತು. ಕಡಲತಳವನ್ನು ಕೆರೆಯುತ್ತಾ ಸಾಗುವ ಟ್ರಾಲ್ ಬಲೆಯನ್ನು ಅದು ನೀರಿನೊಳಗಿನಿಂದಲೇ ತೋರಿಸುತ್ತದೆ. ಬಲೆಯ ಮುಂದೆ ಭಾರದ ಸರಪಳಿ, ಅದರ ಮುಂದೆ ದಿಕ್ಕು ತೋಚದೆ ಓಡುವ ಮೀನು, ಹಿಂದೆ ಎದ್ದ ಕೆಸರಿನ ಮೋಡ. ಹಿಡಿದದ್ದರಲ್ಲಿ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತಾರೆ ಎನ್ನುತ್ತದೆ ಚಿತ್ರ. ನೋಡಿದ ಯಾರಿಗಾದರೂ ಟ್ರಾಲ್ ಬೋಟ್ ಮೇಲೆ ಸಿಟ್ಟು ಬಂದೇ ಬರುತ್ತದೆ.

ಆ ಸಿಟ್ಟನ್ನು ಹಾಗೇ ಮಲ್ಪೆ, ಭಟ್ಕಳ, ಹೊನ್ನಾವರದ ಬಂದರಿಗೆ ತಂದರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಟ್ರಾಲ್ ಬಲೆಗೆ ಬಿದ್ದ ಸಣ್ಣಪುಟ್ಟ ಮೀನನ್ನು ಬಿಸಾಡುವುದು ಕಡಿಮೆ. ಅದಕ್ಕೂ ಬೆಲೆ ಇದೆ. ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳು ಅದನ್ನು ಕೊಂಡು ಒಣಗಿಸಿ ಪುಡಿ ಮಾಡುತ್ತವೆ, ಎಣ್ಣೆ ತೆಗೆಯುತ್ತವೆ. ಪುಡಿ ಸಿಗಡಿ ಕೆರೆಗೆ, ಕೋಳಿ ಆಹಾರಕ್ಕೆ ಹೋಗುತ್ತದೆ. ಕೇಳಲು ಒಳ್ಳೆಯದೇ ಅನ್ನಿಸುತ್ತದೆ, ಏನೂ ಹಾಳಾಗಲಿಲ್ಲ ಅಲ್ವಾ? ತೊಂದರೆ ಇರುವುದೇ ಅಲ್ಲಿ. ಬಿಸಾಡುವ ವಸ್ತುವಾಗಿದ್ದರೆ ಅದನ್ನು ಹಿಡಿಯದಿರಲು ಕಾರಣ ಇರುತ್ತಿತ್ತು. ಈಗ ಬೆರಳುದ್ದದ ಮರಿಯೂ ಕೆ.ಜಿ. ಲೆಕ್ಕದಲ್ಲಿ ಡೀಸೆಲ್ ಖರ್ಚಿಗೆ ಆಗುತ್ತದೆ. ಇಂಗ್ಲೆಂಡಿನ ಚಿತ್ರಕ್ಕೆ ಈ ಕಾರ್ಖಾನೆಯ ಗೇಟು ಕಾಣಿಸುವುದಿಲ್ಲ. ತಪ್ಪು ಚಿತ್ರದ್ದಲ್ಲ, ಅದು ಬೇರೆ ಕಡಲಿನ ಕಥೆ.

ಇಲ್ಲಿನ ಜಗಳವೂ ಬೇರೆ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬರುವ ತನಕ ಉತ್ತರ ಕನ್ನಡದಿಂದ ಮಂಗಳೂರಿನವರೆಗೆ ರಂಪಣಿಯ ಕಾಲ. ಊರಿಗೆ ಊರೇ ದಡದಲ್ಲಿ ನಿಂತು ಒಂದು ಬಲೆ ಎಳೆಯುತ್ತಿತ್ತು. ಬಂಗುಡೆ ದಡಕ್ಕೆ ಬರುವ ಮೊದಲೇ ಪರ್ಸೀನ್‌ನವರು ಸುತ್ತಿ ಎತ್ತಿಬಿಟ್ಟರು, ರಂಪಣಿ ಮಲಗಿತು. ಇವತ್ತು ಪರ್ಸೀನ್‌ನವರು ಲೈಟ್ ಫಿಶಿಂಗ್ ಬೇಕು ಎನ್ನುತ್ತಾರೆ, ನಾಡದೋಣಿಯವರು ಬೇಡವೇ ಬೇಡ ಎನ್ನುತ್ತಾರೆ. ರಾತ್ರಿ ಜನರೇಟರ್ ಇಟ್ಟು ಎಲ್ಇಡಿ ದೀಪ ಬಿಟ್ಟರೆ ದೊಡ್ಡದು, ಸಣ್ಣದು, ಮರಿ ಎಲ್ಲ ಬೆಳಕಿಗೆ ಬಂದು ಸೇರುತ್ತದೆ. ಕೇಂದ್ರ ಸರ್ಕಾರ 2017ರಲ್ಲೇ ಲೈಟ್ ಫಿಶಿಂಗನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ಆದರೂ ಪ್ರತಿ ವರ್ಷ ಪ್ರತಿಭಟನೆ ತಪ್ಪಿಲ್ಲ. ಕಡಲು ಉಳಿಸಿ ಎಂದು ಇಲ್ಲಿ ಬೀದಿಗಿಳಿಯುವವರು ಸಾಕ್ಷ್ಯಚಿತ್ರ ನೋಡಿ ಬಂದವರಲ್ಲ, ನಾಡದೋಣಿಯವರು.

ಆದ್ದರಿಂದಲೇ 2021ರ ‘ಸೀಸ್ಪಿರಸಿ’ಯಂಥ ಚಿತ್ರ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಮೀನು ತಿನ್ನುವುದನ್ನೇ ಬಿಡಿ ಎಂಬುದು ಅದರ ತೀರ್ಮಾನ. 2048ರ ಹೊತ್ತಿಗೆ ಕಡಲು ಖಾಲಿ ಎಂಬ ಮಾತು ಅದರಲ್ಲಿ ಬರುತ್ತದೆ. ಆ ಲೆಕ್ಕ 2006ರ ಒಂದು ಸಂಶೋಧನೆಯಿಂದ ಎಳೆದು ತಂದದ್ದು. ಅದನ್ನು ಬರೆದ ವಿಜ್ಞಾನಿಯೇ 2009ರಲ್ಲಿ ಇತರರ ಜೊತೆ ಸೇರಿ ಬರೆದಾಗ, ಸರಿಯಾಗಿ ನಿರ್ವಹಿಸಿದ ಕಡೆ ಮೀನು ಮತ್ತೆ ಹೆಚ್ಚುತ್ತದೆ ಎಂದು ತೋರಿಸಿದ್ದರು. ಹೆದರಿಕೆ ಹುಟ್ಟಿಸುವ ಚಿತ್ರ ಬೇಗ ಹರಡುತ್ತದೆ. ಆದರೆ ಕುಮಟಾದ ಮೀನುಗಾರ ಹೆಂಗಸಿಗೆ "ಮೀನು ಬಿಡಿ" ಎನ್ನುವುದಕ್ಕೆ ಅರ್ಥವೇ ಇಲ್ಲ.

ಈಗ ಘಟ್ಟದ ಮೇಲಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಶಿವಮೊಗ್ಗ ಜಿಲ್ಲೆ ಎರಡು ಕಡಲಿಗೆ ನೀರು ಕಳಿಸುತ್ತದೆ. ತೀರ್ಥಹಳ್ಳಿ ತಾಲೂಕನ್ನೇ ನೋಡಿ. ಪಟ್ಟಣದ ಪಕ್ಕದಲ್ಲಿ ಹರಿಯುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ ತಿರುಗಿ, ಜೋಗದಲ್ಲಿ 253 ಮೀಟರ್ ಬಿದ್ದು, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಶರಾವತಿಯ ಉದ್ದ ಹೆಚ್ಚೆಂದರೆ 130 ಕಿ.ಮೀ. ಅಷ್ಟು ಚಿಕ್ಕ ನದಿಯ ಮೇಲೆ ನಾಡಿನ ದೀಪಗಳ ದೊಡ್ಡ ಭಾರ ಬಿದ್ದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು, ಜೊತೆಗೆ ತಲಕಳಲೆ, ಕೆಳಗೆ ಗೇರುಸೊಪ್ಪ. ಮಳೆಗಾಲದ ಬೆಳಗ್ಗೆ ಪೇಪರ್ ಬಿಡಿಸಿ ಲಿಂಗನಮಕ್ಕಿ ತುಂಬಲು "1,819 ಅಡಿಗೆ ಇನ್ನೆಷ್ಟು ಬಾಕಿ?" ಎಂದು ನೋಡುವುದು ಇಲ್ಲಿನವರ ಅಭ್ಯಾಸ. ಮುಳುಗಡೆಯಾದ ಊರುಗಳ ನೋವು ಗೊತ್ತು, ವಿದ್ಯುತ್ತಿನ ಲೆಕ್ಕ ಗೊತ್ತು. ಟರ್ಬೈನ್ ದಾಟಿದ ಮೇಲೆ ಆ ನೀರಿಗೆ ಏನಾಗುತ್ತದೆ ಎಂದು ಕೇಳಿದವರು ಕಡಿಮೆ.

ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಎರಡೂ ಬೆರೆಯುತ್ತವೆ. ಎಷ್ಟು ಬೆರೆಯುತ್ತವೆ ಎಂಬುದು ತಿಂಗಳಿಂದ ತಿಂಗಳಿಗೆ ಬೇರೆ. ಮಳೆಗಾಲದಲ್ಲಿ ನದಿ ಜೋರು, ಅಳಿವೆ ಸಿಹಿ. ಬೇಸಿಗೆಯಲ್ಲಿ ನದಿ ಸೊರಗುತ್ತದೆ, ಉಬ್ಬರದ ಜೊತೆ ಉಪ್ಪು ನೀರು ಕಿಲೋಮೀಟರುಗಟ್ಟಲೆ ಒಳಗೆ ಬರುತ್ತದೆ. ಅಲ್ಲಿನ ಬೆಳಚು, ಅಂದರೆ ತುಳುವಿನಲ್ಲಿ ಮರುವಾಯಿ ಎನ್ನುವ ಕಪ್ಪೆಚಿಪ್ಪು, ಈ ಏರಿಳಿತಕ್ಕೆ ಹೊಂದಿಕೊಂಡೇ ಬದುಕುತ್ತದೆ. ಅದರಲ್ಲಿ ಹಲವು ಜಾತಿಗಳಿಗೆ ವರ್ಷದಲ್ಲಿ ಒಂದಿಷ್ಟು ಕಾಲ ಉಪ್ಪು ಬೇಕೇ ಬೇಕು.

ಜಲವಿದ್ಯುತ್ ಬಂದ ಮೇಲೆ ಶರಾವತಿಯಲ್ಲಿ ಬೇಸಿಗೆ ಎಂಬುದೇ ಇಲ್ಲದಾಯಿತು. ವಿದ್ಯುತ್ ವರ್ಷವಿಡೀ ಬೇಕು, ಹಾಗಾಗಿ ನೀರೂ ವರ್ಷವಿಡೀ ಹರಿಯುತ್ತದೆ. ಮಾರ್ಚ್–ಏಪ್ರಿಲ್‌ನಲ್ಲೂ ಸಿಹಿನೀರು ಬರುತ್ತಲೇ ಇದ್ದರೆ ಕಡಲಿನ ಉಪ್ಪು ಒಳಗೆ ಬರುವುದು ಹೇಗೆ? ಉತ್ತರ ಕನ್ನಡದ ಅಳಿವೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಜೊತೆಗಾರರು ಇದನ್ನು ದಾಖಲಿಸಿದ್ದಾರೆ. ಶರಾವತಿ ಅಳಿವೆಯಲ್ಲಿ ಉಪ್ಪಿನ ಅಂಶ ಇಳಿದು, ಹಿಂದೆ ಸಿಗುತ್ತಿದ್ದ ಚಿಪ್ಪುಜೀವಿಗಳಲ್ಲಿ ಹೆಚ್ಚಿನವು ಕಾಣೆಯಾದವು. ಅವನ್ನು ಹೆಕ್ಕಿ ಬದುಕುತ್ತಿದ್ದವರು ಬೇರೆ ಕೆಲಸ ಹುಡುಕಿಕೊಂಡರು.

ಹಾಗಾದರೆ ಅಣೆಕಟ್ಟು ಇಲ್ಲದಿದ್ದರೆ ಹೇಗಿರುತ್ತಿತ್ತು? ಅದಕ್ಕೂ ಉತ್ತರ ಪಕ್ಕದಲ್ಲೇ ಇದೆ. ಶಿರಸಿ ಹತ್ತಿರ ಹುಟ್ಟುವ ಅಘನಾಶಿನಿ ಒಂದೂ ಅಣೆಕಟ್ಟಿಲ್ಲದೆ ಉಂಚಳ್ಳಿಯಲ್ಲಿ ಧುಮುಕಿ ಕುಮಟಾದ ಬಳಿ ಕಡಲು ಸೇರುತ್ತದೆ. ಅಲ್ಲಿ ಇಳಿತದ ಹೊತ್ತಿಗೆ ಹೋದರೆ ಕಾಣುತ್ತದೆ. ಮೊಣಕಾಲು ನೀರಿನಲ್ಲಿ ಹೆಂಗಸರು, ಗಂಡಸರು ಬಗ್ಗಿ ನಿಂತು ಮರಳು ತಡವಿ ಬೆಳಚು ತೆಗೆಯುತ್ತಿರುತ್ತಾರೆ. ಪಕ್ಕದಲ್ಲಿ ತೇಲುವ ಬುಟ್ಟಿ. ನೀರು ಏರುವ ಮೊದಲು ತುಂಬಬೇಕು. ದಡದ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. 2024ರಲ್ಲಿ ಈ ಅಳಿವೆ ರಾಮ್ಸರ್ ತಾಣವಾಯಿತು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ಒಂದೇ ಘಟ್ಟದಿಂದ ಇಳಿಯುವ, ಹೆಚ್ಚುಕಮ್ಮಿ ಒಂದೇ ಉದ್ದದ, ಅಕ್ಕಪಕ್ಕದ ತಾಲೂಕುಗಳಲ್ಲಿ ಕಡಲು ಸೇರುವ ಎರಡು ನದಿ. ಒಂದಕ್ಕೆ ಅಣೆಕಟ್ಟು ಇದೆ, ಒಂದಕ್ಕಿಲ್ಲ. ಪ್ರಯೋಗಾಲಯದಲ್ಲಿ ಕೂತು ಯೋಜನೆ ಹಾಕಿದರೂ ಇಷ್ಟು ಚೊಕ್ಕದ ಹೋಲಿಕೆ ಸಿಗುವುದು ಕಷ್ಟ. ನನ್ನನ್ನು ಕೇಳಿದರೆ ಮಲೆನಾಡಿಗರು ನೋಡಲೇಬೇಕಾದ ಕಡಲಿನ ಸಾಕ್ಷ್ಯಚಿತ್ರ ಇದೇ. ಅದರಲ್ಲಿ ತಿಮಿಂಗಿಲ ಇರುವುದಿಲ್ಲ, ಹವಳದ ಬಣ್ಣ ಇರುವುದಿಲ್ಲ. ಕೆಸರು, ಬುಟ್ಟಿ, ಟರ್ಬೈನು.

ಇಲ್ಲೊಂದು ವಿಚಿತ್ರ ಗಮನಿಸಿ. ಶರಾವತಿ ಅಳಿವೆಗೆ ನೀರು ಕಡಿಮೆಯಾಗಿ ತೊಂದರೆಯಾದದ್ದಲ್ಲ, ತಪ್ಪು ಕಾಲದಲ್ಲಿ ಜಾಸ್ತಿಯಾಗಿ ಆದದ್ದು. ಹೊಸನಗರ ತಾಲೂಕಿನ ಚಕ್ರಾ, ಸಾವೆಹಕ್ಕಲು ಜಲಾಶಯಗಳ ನೀರನ್ನೂ ಕಾಲುವೆ ಮಾಡಿ ಲಿಂಗನಮಕ್ಕಿಗೆ ತಿರುಗಿಸಿದ್ದಾರೆ. ಗಂಗೊಳ್ಳಿಯ ಕಡೆ ಹೋಗಬೇಕಿದ್ದ ನೀರು ಹೊನ್ನಾವರಕ್ಕೆ ಹೋಗುತ್ತದೆ. ಒಂದು ಅಳಿವೆಗೆ ಕೊರತೆ, ಇನ್ನೊಂದಕ್ಕೆ ಅಜೀರ್ಣ. ಅದರ ಜೊತೆ ಮರಳಿನ ಮಾತೂ ಇದೆ. ನದಿ ತರುವ ಮರಳು, ಹೂಳು ಅಣೆಕಟ್ಟಿನಲ್ಲೇ ನಿಲ್ಲುತ್ತದೆ, ದಡಕ್ಕೆ ಸಿಗುವುದಿಲ್ಲ. ಕಡಲ್ಕೊರೆತಕ್ಕೆ ಇದೊಂದೇ ಕಾರಣ ಎನ್ನುವುದು ತಪ್ಪು. ಬಂದರಿನ ಅಲೆತಡೆ ಗೋಡೆಗಳೂ, ಮರಳು ತೆಗೆಯುವುದೂ ಸೇರಿವೆ. ಹಾಗೆಯೇ ಬಂಗುಡೆ, ಭೂತಾಯಿ ಮೀನಿನ ಸುಗ್ಗಿಗೆ ನದಿಗಿಂತ ದೊಡ್ಡ ಕಾರಣ ಮಳೆಗಾಲದಲ್ಲಿ ಕಡಲಿನ ಆಳದ ತಣ್ಣೀರು ಮೇಲೆ ಬರುವುದು. ನದಿಯೇ ಎಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಸಮುದ್ರ ಸೇರುವ ನೀರಿಗೆ ಅಲ್ಲಿ ಕೆಲಸವೇ ಇಲ್ಲ ಎನ್ನುವುದು ಶುದ್ಧ ಸುಳ್ಳು.

ಪೂರ್ವಕ್ಕೆ ಹರಿಯುವ ತುಂಗೆಯ ಕಥೆ ಇನ್ನೂ ಉದ್ದ. ದಾರಿಯಲ್ಲಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು, ಮುಂದೆ ಶ್ರೀಶೈಲ, ನಾಗಾರ್ಜುನ ಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜು. 2000ದ ದಶಕದ ಮೊದಲ ಬರಗಾಲದ ವರ್ಷಗಳಲ್ಲಿ ಕೃಷ್ಣೆಯಿಂದ ಕಡಲಿಗೆ ಹೋದ ನೀರು ಇಲ್ಲವೆನ್ನುವಷ್ಟು ಕಡಿಮೆ. ಶಿವಮೊಗ್ಗದ ಚರಂಡಿ ನೀರು ತುಂಗೆಗೆ ಸೇರುವುದರ ಬಗ್ಗೆ ನಾವು ಮಾತಾಡುತ್ತೇವೆ, 2024ರಲ್ಲಿ ಶೃಂಗೇರಿಯಿಂದ ‘ನಿರ್ಮಲ ತುಂಗಭದ್ರಾ’ ಪಾದಯಾತ್ರೆಯೂ ಹೊರಟಿತ್ತು. ಒಳ್ಳೆಯದೇ. ಅಲ್ಲೂ ನದಿಯ ಕಥೆ ಜಲಾಶಯದ ಹತ್ತಿರ ಮುಗಿದುಹೋಗುತ್ತದೆ.

ಕಡಲು ಮಾತ್ರ ನಮ್ಮನ್ನು ಬಿಟ್ಟಿಲ್ಲ. ಆಗುಂಬೆಯಲ್ಲಿ ಸುರಿಯುವುದು ಅರಬ್ಬಿ ಸಮುದ್ರ ದಾಟಿ ಬಂದ ಮೋಡ. ಆ ಸಮುದ್ರ ಬಿಸಿಯಾಗುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ಲೆಕ್ಕದಲ್ಲಿ 2001ರಿಂದ 2019ರ ನಡುವೆ ಅರಬ್ಬಿ ಸಮುದ್ರದ ಚಂಡಮಾರುತಗಳು ಹಿಂದಿನ ಎರಡು ದಶಕಗಳಿಗಿಂತ 52% ಹೆಚ್ಚಾಗಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಘಟ್ಟದ ಮೇಲೂ ಮಳೆಯಾಗಿತ್ತು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಬಿಡುವು ಕೊಡದ ಮಳೆಯನ್ನು ಬೈಯುವಾಗ ಯಾರಿಗೂ ಕಡಲು ನೆನಪಾಗುವುದಿಲ್ಲ. "ನಾವು ಮೀನು ತಿನ್ನೋರಲ್ಲ, ನಮಗೇನು?" ಎನ್ನುವ ಮನೆಗಳೂ ಇಲ್ಲಿ ಬೇಕಾದಷ್ಟಿವೆ. ಮಳೆ ಅವರ ತೋಟಕ್ಕೂ ಬರಬೇಕಲ್ಲ.

ಚಿತ್ರ ನೋಡಿ ಮನಸ್ಸು ಕರಗಿದವರು ಏನು ಮಾಡಬೇಕು, ಹಾಗಾದರೆ? ದುಡ್ಡು ಕೊಡುವುದಾದರೆ ಹತ್ತಿರದ ಕಡಲಿಗೆ ಕೊಡಿ ಎನ್ನುತ್ತೇನೆ. ಹೊನ್ನಾವರದ ಕಾಸರಕೋಡಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ, ಅಲ್ಲಿನ ಮೀನುಗಾರರೇ ಖಾಸಗಿ ಬಂದರಿನ ವಿರುದ್ಧ ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ಅದೇ ಕಾಸರಕೋಡಿನ ಸ್ನೇಹಕುಂಜ ಟ್ರಸ್ಟ್ ಅಳಿವೆ, ಕಾಂಡ್ಲಾಕಾಡಿನ (ಮ್ಯಾಂಗ್ರೋವ್) ಕೆಲಸ ಮಾಡುತ್ತದೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಮೀನುಗಾರರ ಜೊತೆ ಕೂತು ಮೀನಿನ ಲೆಕ್ಕ ಇಡುತ್ತದೆ. ರಸೀದಿ ಕೇಳಿ, ಕಳೆದ ವರ್ಷ ಏನು ಮಾಡಿದಿರಿ ಎಂದು ಕೇಳಿ. ದೂರದ ತಿಮಿಂಗಿಲವನ್ನು ‘ದತ್ತು’ ತೆಗೆದುಕೊಂಡು ಸರ್ಟಿಫಿಕೇಟ್ ಪಡೆಯುವುದಕ್ಕಿಂತ ಇದು ವಾಸಿ.

ಮೀನು ಕೊಳ್ಳುವವರ ಕೈಯಲ್ಲಿ ಇನ್ನೂ ಒಂದು ಕೆಲಸವಿದೆ. ಬೈಕಿನ ಹಿಂದೆ ಐಸ್ ಬಾಕ್ಸ್ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತಾ ಬರುವ ಮೀನಿನವನ ಹತ್ತಿರ ಬೆರಳುದ್ದದ ಬಂಗುಡೆ ಕಂಡರೆ ಬೇಡ ಎನ್ನಿ. "ಸಣ್ಣದೇ ರುಚಿ ಅಕ್ಕಾ, ರೇಟೂ ಕಮ್ಮಿ" ಎನ್ನುತ್ತಾನೆ. ಇರಬಹುದು. ಆದರೆ ಅದು ಒಮ್ಮೆಯೂ ಮೊಟ್ಟೆ ಇಡದ ಮೀನು. ಕೇರಳ 2015ರಲ್ಲೇ 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆ, 10 ಸೆಂ.ಮೀ.ಗಿಂತ ಚಿಕ್ಕ ಭೂತಾಯಿ ಹಿಡಿಯುವ ಹಾಗಿಲ್ಲ ಎಂದು ಅಳತೆ ಹಾಕಿತು. ಅರ್ಧ ಗೇಣಿಗಿಂತ ತುಸು ಹೆಚ್ಚು ಎಂದು ನೆನಪಿಟ್ಟರೆ ಬಂಗುಡೆಗೆ ಸಾಕು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಆ ಎರಡು ತಿಂಗಳು ಘಟ್ಟ ಹತ್ತುವ ಮೀನು ನಾಡದೋಣಿಯದ್ದೋ, ಪೂರ್ವ ಕರಾವಳಿಯದ್ದೋ, ಫ್ರೀಜರಿನದ್ದೋ ಆಗಿರುತ್ತದೆ, ಎಲ್ಲಿಯದು ಎಂದು ಕೇಳಿದರೆ ತಪ್ಪೇನಿಲ್ಲ.

ಈ ರಜೆ ಯಾಕೆ ಎಂದು ಮಲೆನಾಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರಿ ಬರುವ ಹತ್ತುಮೀನನ್ನು ರಾತ್ರಿ ಟಾರ್ಚ್ ಹಿಡಿದು, ಕತ್ತಿ ಬೀಸಿ, ಕೂಣಿ ಇಟ್ಟು ಹಿಡಿಯುವ ಸಂಭ್ರಮ ಇಲ್ಲಿ ಯಾರಿಗೆ ಗೊತ್ತಿಲ್ಲ? ಹೊಟ್ಟೆ ತುಂಬ ಮೊಟ್ಟೆ ಇರುವ ಮೀನೇ ಸಿಗುವುದು. ಅಪ್ಪಂದಿರ ಕಾಲದಲ್ಲಿ ಬುಟ್ಟಿಗಟ್ಟಲೆ ಸಿಗುತ್ತಿತ್ತು, ಈಗ ಸಾರಿಗಾಗುವಷ್ಟೂ ಇಲ್ಲ ಎಂದು ಹೇಳುವವರೇ ಮತ್ತೆ ಟಾರ್ಚ್‌ಗೆ ಸೆಲ್ ಹಾಕುತ್ತಾರೆ. ಕಡಲಿನಲ್ಲಿ ಲೈಟ್ ಫಿಶಿಂಗ್ ತಪ್ಪು ಎನ್ನುವುದಾದರೆ ಗದ್ದೆಯ ಬದುವಿನಲ್ಲೂ ತಪ್ಪೇ.

ಭಾಷೆಯ ವಿಷಯ ಬಿಟ್ಟುಬಿಡುವ ಹಾಗಿಲ್ಲ. ಡಬ್ಬಿಂಗ್ ಕೂಡದು ಎಂಬ ಕನ್ನಡ ಚಿತ್ರರಂಗದ ಅಲಿಖಿತ ಕಟ್ಟಳೆಯಿಂದಾಗಿ ಬಹಳ ವರ್ಷ ಇಂಥ ಚಿತ್ರಗಳು ಕನ್ನಡ ಮಕ್ಕಳಿಗೆ ಕನ್ನಡದಲ್ಲಿ ಸಿಗಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಆ ಕಟ್ಟಳೆ ತಪ್ಪು ಎಂದ ಮೇಲೆ ದಾರಿ ತೆರೆಯಿತು. ‘ವೈಲ್ಡ್ ಕರ್ನಾಟಕ’ 2020ರಲ್ಲಿ ಟಿವಿಗೆ ಬಂದಾಗ ಇಂಗ್ಲಿಷಿಗೆ ಅಟೆನ್‌ಬರೋ, ಕನ್ನಡಕ್ಕೆ ರಿಷಬ್ ಶೆಟ್ಟಿ ದನಿ ಕೊಟ್ಟರು. ಕನ್ನಡದಲ್ಲಿ ಕೇಳಿದ ಅಜ್ಜಿಯಂದಿರೂ ಕೊನೆತನಕ ಕೂತು ನೋಡಿದ್ದನ್ನು ಬಲ್ಲೆ. ಅಷ್ಟೇ ಆಸ್ಥೆಯಿಂದ ಯಾರಾದರೂ ನಮ್ಮ ಎರಡು ಅಳಿವೆಗಳ ಚಿತ್ರ ತೆಗೆದರೆ ಸಾಗರ, ಸಿದ್ದಾಪುರದ ಶಾಲೆಗಳಲ್ಲಿ ಅದನ್ನು ತೋರಿಸಲು ಪ್ರೊಜೆಕ್ಟರ್ ಇದ್ದರೆ ಸಾಕು.

ಕೊನೆಯದಾಗಿ, ಈಗಲೇ ಮುಂದಿರುವ ವಿಷಯ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬರಬೇಕಿದೆ. ಕರೆಂಟ್ ಜಾಸ್ತಿ ಇದ್ದಾಗ ನೀರನ್ನು ಕೆಳಗಿಂದ ಮೇಲಕ್ಕೆ ಎತ್ತುವುದು, ಬೇಕಾದಾಗ ಮತ್ತೆ ಇಳಿಸಿ ವಿದ್ಯುತ್ ತೆಗೆಯುವುದು. ಘಟ್ಟದ ಮೇಲಿನ ಚರ್ಚೆಯಲ್ಲಿ ಸಿಂಗಳೀಕದ ಕಾಡು, ಕಡಿಯಬೇಕಾದ ಮರಗಳು, ಸುರಂಗದಿಂದ ಗುಡ್ಡ ಕುಸಿಯುವ ಭಯ ಇವೇ ಹೆಚ್ಚು. ಇರಬೇಕಾದದ್ದೇ. ಹೊನ್ನಾವರದ ಕಡೆಯವರು ಎತ್ತುವ ಅಳಿವೆಯ ಪ್ರಶ್ನೆ ಮಾತ್ರ ಇಲ್ಲಿ ಅಷ್ಟಾಗಿ ಕೇಳುತ್ತಿಲ್ಲ. ಅಘನಾಶಿನಿಯ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾಪಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಇಂಥ ಯೋಜನೆಗಳ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು, ಪರಿಸರದ ವಿಷಯದಲ್ಲಿ ಸಂಬಂಧ ಇರುವವರು ಅಹವಾಲು ಬರೆದು ಕೊಡಬಹುದು. ಬರೆಯುವವರು ಮೂರು ವಿಷಯ ಕೇಳಲಿ. ಗೇರುಸೊಪ್ಪದಿಂದ ಯಾವ ತಿಂಗಳು, ದಿನದ ಯಾವ ಹೊತ್ತು ಎಷ್ಟು ನೀರು ಬಿಡುತ್ತೀರಿ? ಆಗ ಹೊನ್ನಾವರದ ಅಳಿವೆಯಲ್ಲಿ ಉಪ್ಪು ಎಷ್ಟಿರುತ್ತದೆ, ಅದನ್ನು ಯಾರು ಅಳೆಯುತ್ತಾರೆ? ಬೇಸಿಗೆಯಲ್ಲಿ ಕೆಲವು ವಾರವಾದರೂ ನೀರು ತಗ್ಗಿಸಿ ಉಪ್ಪನ್ನು ಒಳಗೆ ಬಿಟ್ಟರೆ ವಿದ್ಯುತ್ತಿನಲ್ಲಿ ಎಷ್ಟು ಖೋತಾ ಆಗುತ್ತದೆ?